ಮೂರು ಗಂಟೆಯ ಬೆವರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದ್ದೆ. "ಬ್ಯಾಡ್ರಿ ಅಕ್ಕೋರ, ಪಿಂಚಣಿ ಕಾಗದ ಇನ್ನಾ ಟೇಬಲ್ಲಿಂದ ಟೇಬಲ್ಲಿಗೆ ತಿರಗಾಡಾಕತ್ತಾವ. ಹೆಸರ ನೋಡಿ ಯಾರಾದ್ರೂ ಮತ್ತ ಡ್ಯೂಟಿಗೆ ಕರದಾರು!" ಎಂದು ನಕ್ಕುಬಿಟ್ಟರು. ಆದ್ದರಿಂದ ಎಲ್ಲರಿಗೂ ಕಾಕಾ ಆಗಿದ್ದವರು ಈ ಬರಹದಲ್ಲಿಯೂ ಕಾಕಾ ಆಗಿಯೇ ಇರಲಿ. ದಕ್ಷಿಣ ಮುಂಬಯಿಯ ದೊಡ್ಡ ಕಲಾ ಸಂಗ್ರಹಾಲಯವೊಂದರ ಮೊದಲನೆಯ ಮಹಡಿಯಲ್ಲಿ, ತೈಲಚಿತ್ರಗಳ ಕೋಣೆಯಲ್ಲಿ, ಅವರು ಮೂವತ್ತೊಂದು ವರ್ಷ ಕಾವಲು ನಿಂತರು. ಕಳೆದ ಆಗಸ್ಟ್ ತಿಂಗಳ ಕೊನೆಯ ದಿನ ನಿವೃತ್ತರಾದರು.

ನಾನು ಸಯನ್‌ನ ಒಂದು ಶಾಲೆಯಲ್ಲಿ, ಅದರ ಕನ್ನಡ ತರಗತಿಗಳು ಒಂದೊಂದಾಗಿ ಮುಚ್ಚುವವರೆಗೆ, ಕನ್ನಡ ಕಲಿಸಿದವಳು. ಪ್ರತಿ ಡಿಸೆಂಬರಿನಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಆ ಸಂಗ್ರಹಾಲಯಕ್ಕೆ ಕರೆದೊಯ್ಯುವುದು ನನ್ನ ಪಾಲಿಗೆ ಬಂದಿತ್ತು. ಕೆಲಸವೆಂದ ಮೇಲೆ ಕ್ರಮ ಬೇಡವೇ? ಮಕ್ಕಳ ಕೈಗೆ ಒಂದೊಂದು ಹಾಳೆ ಕೊಡುತ್ತಿದ್ದೆ: ಚಿತ್ರದ ಹೆಸರು, ಚಿತ್ರಕಾರನ ಹೆಸರು, ಕಾಲ, ಬಳಸಿದ ಸಾಮಗ್ರಿ, ಎರಡು ವಾಕ್ಯಗಳಲ್ಲಿ ವರ್ಣನೆ. ಇಪ್ಪತ್ತು ಚಿತ್ರಗಳು, ಒಂದೂವರೆ ಗಂಟೆ. ಮೊದಲ ವರ್ಷ ಒಬ್ಬ ಹುಡುಗಿ "ಚಿತ್ರದಲ್ಲಿ ಹೆಂಗಸು ಕುಳಿತಿದೆ" ಎಂದು ಬರೆದುದನ್ನು ಕಂಡು, ಕೋಣೆಯ ನಟ್ಟನಡುವೆಯೇ ಅವಳಿಗೆ ತಿಳಿವಳಿಕೆ ಹೇಳತೊಡಗಿದೆ. ನನ್ನ ದನಿ ಏರಿರಬೇಕು. ಬಾಗಿಲ ಬಳಿಯಿಂದ ಅಚ್ಚ ವಿಜಯಪುರದ ಕನ್ನಡ ಕೇಳಿಬಂತು.

"ಅಕ್ಕೋರ, ಸ್ವಲ್ಪ ಮೆಲ್ಲಕ. ಇಲ್ಲಿ ಇರಾವ್ರು ಎಲ್ಲಾರೂ ನೂರ ವರ್ಷದಿಂದ ಸುಮ್ಮನ ಕುಂತಾರ."

ಮಕ್ಕಳು ನಕ್ಕರು, ನಾನು ನಗಲಿಲ್ಲ. ತಿರುಗಿ ನೋಡಿದೆ. ನೀಲಿ ಅಂಗಿಯ, ಎತ್ತರದ, ತೆಳ್ಳನೆಯ ಮನುಷ್ಯ. ಮೀಸೆಯ ಒಂದು ತುದಿ ಇನ್ನೊಂದಕ್ಕಿಂತ ತುಸು ಕೆಳಗೆ. ಅವರು ಮಕ್ಕಳ ಕೈಯಲ್ಲಿದ್ದ ಹಾಳೆಗಳನ್ನು ನೋಡಿ ಮತ್ತೆ ಹೇಳಿದರು: "ಅಲ್ರಿ, ನಿಮ್ಮ ಹುಡುಗೂರು ಚಿತ್ರ ನೋಡವಲ್ವು, ಬಾಜೂದ ಚೀಟಿ ನೋಡಾಕತ್ತಾವ. ಚೀಟಿ ನೋಡಾಕ ಇಷ್ಟ ದೂರ ಲೋಕಲ್‌ನ್ಯಾಗ ಯಾಕ ಬರಬೇಕು?"

"ನೀವು ನಿಮ್ಮ ಕೆಲಸ ನೋಡಿಕೊಳ್ಳಿ" ಎಂದೆ.

"ಅದನ್ನ ಮಾಡಾಕತ್ತೇನ್ರಿ. ನನ್ನ ಕೆಲಸ ನೋಡೂದ."

ಮಾತಿಗೆ ಮಾತು ಹೊಸೆಯುವವರನ್ನು ತರಗತಿಯಲ್ಲಿ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇವರನ್ನು ಎಲ್ಲಿ ನಿಲ್ಲಿಸಲಿ, ಆಗಲೇ ಬೆಳಗಿನಿಂದ ನಿಂತವರು! ಆದರೆ ಮರುವರ್ಷ ನನ್ನ ಹಾಳೆಯಲ್ಲಿ ಹತ್ತೇ ಚಿತ್ರಗಳಿದ್ದವು. ಅದರ ಮರುವರ್ಷ ನಾಲ್ಕು. ಅವರು ಸರಿ ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಇನ್ನೂ ಒಂದು ವರ್ಷ ಬೇಕಾಯಿತು.

ಕಾಕಾ ಊರಲ್ಲಿ ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ತಂದೆ ಪರೇಲಿನ ಗಿರಣಿಯಲ್ಲಿದ್ದರು. ಗಿರಣಿ ನಿಂತ ಮೇಲೆ ಇವರು ಸಂಗ್ರಹಾಲಯದಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿ, ಮುಂದೆ ಕಾವಲುಗಾರರಾದರು. ತಂದೆಯಿದ್ದ ಪರೇಲಿನ ಚಾಳಿನ ಅದೇ ಕೋಣೆಯಲ್ಲಿಯೇ ಸಂಸಾರ. ಚಿತ್ರಕಾರರ ಹೆಸರುಗಳು ಅವರ ನಾಲಿಗೆಗೆ ಒಗ್ಗಲಿಲ್ಲ, ಒಗ್ಗಿಸಿಕೊಳ್ಳುವ ಗೊಡವೆಗೂ ಅವರು ಹೋಗಲಿಲ್ಲ. ಪ್ರತಿ ಚಿತ್ರಕ್ಕೂ ತಮ್ಮದೇ ಹೆಸರಿಟ್ಟಿದ್ದರು. ಬಿರುಗಾಳಿಯ ಸಮುದ್ರದ ಚಿತ್ರ "ಸಿಟ್ಟಿನ ನೀರು". ಯಾವುದೋ ಸಂಸ್ಥಾನದ ರಾಜನ ಭಾವಚಿತ್ರ "ಊಟಾ ಆಗಿಲ್ಲದಾಂವ". ಒಮ್ಮೆ ಅವರು ಹಾಗೆಂದ ಮೇಲೆ ಆ ರಾಜನ ಮುಖದಲ್ಲಿ ನನಗೆ ಹಸಿವಲ್ಲದೆ ಬೇರೇನೂ ಕಾಣುತ್ತಿಲ್ಲ.

ನೋಡಲು ಬಂದವರನ್ನು ಅವರು ಪಾದರಕ್ಷೆಗಳಿಂದ ಗುರುತಿಸುತ್ತಿದ್ದರು. ಮೇಲೆ ನೋಡಿದರೆ ಜನರಿಗೆ ಸಂಕೋಚವಾಗುತ್ತದೆ, ಕೆಳಗೆ ನೋಡಿದರೆ ಎಲ್ಲವೂ ತಿಳಿಯುತ್ತದೆ ಎಂಬುದು ಅವರ ಅನುಭವ. "ಹಿಮ್ಮಡಿ ಎತ್ತಿದ ಅಂದ್ರ ಮುಂದ ಬಾಗ್ತಾನ. ಮುಂದ ಬಾಗಿದ ಅಂದ್ರ ಕೈ ಬರತೈತಿ. ಕೈ ಬಂದ ಮ್ಯಾಲೆ ಹೇಳಿ ಏನ ಮಾಡೂದೈತಿ? ಹಿಮ್ಮಡಿ ಎತ್ತಿದಾಗನ ಕೆಮ್ಮಬೇಕು." ಅವರು ಯಾರನ್ನೂ ಮುಟ್ಟಬೇಡಿ ಎಂದು ಗದರಿದ್ದನ್ನು ನಾನು ಕೇಳಿಲ್ಲ. ಒಂದು ಸಣ್ಣ ಕೆಮ್ಮು, ಅಷ್ಟೆ. ಕೋಟು ತೊಟ್ಟ ದೊಡ್ಡ ಮನುಷ್ಯರೂ ಹೆಜ್ಜೆ ಹಿಂದಿಡುತ್ತಿದ್ದರು.

ಅವರು ಅತ್ಯಂತ ಹೆಚ್ಚು ಅಭಿಮಾನದಿಂದ ಕಾಯುತ್ತಿದ್ದ ಚಿತ್ರವೊಂದಿತ್ತು: ಆಳೆತ್ತರದ ತೈಲಚಿತ್ರ, ಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ಕುಳಿತ ಹೆಣ್ಣುಮಗಳು, ಎಡಗಡೆ ಕೆಳಗೆ ಒಂದು ಹಿತ್ತಾಳೆಯ ಕೊಡ. ಚೀಟಿಯಲ್ಲಿ ಇಂಗ್ಲಿಷಿನ ಗಂಭೀರವಾದ ಹೆಸರಿದೆ. ಕಾಕಾ ಅವರಿಗೆ ಅವಳು "ಹಸನ ಮಾಡಾಕಿ". ಅವರ ಸೀಮೆಯಲ್ಲಿ ಕಾಳಿನೊಳಗಿನ ಕಲ್ಲು ಕಸ ತೆಗೆಯುವುದಕ್ಕೆ ಹಸನು ಮಾಡುವುದೆನ್ನುತ್ತಾರೆ. ಆ ಚಿತ್ರದ ಬಗ್ಗೆ ಅವರು ಒಂದು ಪ್ರಸಂಗವನ್ನು ನನಗೆ ಕಡಿಮೆಯೆಂದರೆ ಐದು ಸಲ ಹೇಳಿದ್ದಾರೆ, ಐದು ಸಲವೂ ಹೊಸದಾಗಿ.

ಸಂಗ್ರಹಾಲಯದ ಮುಂದಿನ ಪಾದಚಾರಿ ದಾರಿಯ ಕಲ್ಲು ಹಾಸುತ್ತಿದ್ದ ಕೆಲಸಗಾರರಲ್ಲಿ ಅವರ ತಾಲ್ಲೂಕಿನ ಹೆಂಗಸೊಬ್ಬಳಿದ್ದಳು. ಕುಡಿಯುವ ನೀರು ಕೇಳಿ ಒಳಗೆ ಬಂದಳು. ಕಾಕಾ ಊಟದ ವಿರಾಮದಲ್ಲಿ ಅವಳನ್ನು ಮೇಲಕ್ಕೆ ಕರೆದೊಯ್ದು ಈ ಚಿತ್ರದೆದುರು ನಿಲ್ಲಿಸಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಹಳ ಹೊತ್ತು ನೋಡಿ, "ಯಣ್ಣಾ, ಈಕೀಗೆ ರೂಢಿ ಇಲ್ಲೇಳು. ಮೊರ ಹಿಂಗ ಹಿಡದ್ರ ಕಾಳೆಲ್ಲಾ ಮುಂದ ಚೆಲ್ತಾವ" ಎಂದಳಂತೆ.

"ಎಷ್ಟ ದೊಡ್ಡ ದೊಡ್ಡವರು ಬಂದು ನೋಡಿ ಹೋಗ್ಯಾರ್ರಿ ಅಕ್ಕೋರ! ಕ್ಯಾಮೆರಾ ತಂದ್ರು, ಪುಸ್ತಕ ಬರದ್ರು. ಇದನ್ನ ಒಬ್ಬರಾದ್ರೂ ಹೇಳಿದ್ರೇನು?" ಹೀಗೆ ಹೇಳುವಾಗ ಅವರ ಮುಖದಲ್ಲಿ, ತಮ್ಮ ಮನೆಯ ಮಗುವಿಗೆ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಂತಹ ಬೆಳಕು.

ಇನ್ನು ನಾನು ಹೇಳಲೇಬೇಕಾದ ವಿಷಯ. ಇದರಲ್ಲಿ ತಪ್ಪು ನನ್ನದು. ಅದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ಕಳೆದ ಜೂನ್ ತಿಂಗಳ ಕೊನೆಯಲ್ಲಿ ಕಾಕಾ ಫೋನ್ ಮಾಡಿ, ಸೋಮವಾರ ಮಾಟುಂಗಕ್ಕೆ ಬರುತ್ತೇನೆ, ಭೇಟಿಯಾಗಬಹುದೇ ಎಂದು ಕೇಳಿದರು. ಸೋಮವಾರ ಸಂಗ್ರಹಾಲಯಕ್ಕೆ ರಜೆ. ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕುಳಿತೆವು. ಅವರು ಪ್ಲಾಸ್ಟಿಕ್ ಚೀಲದೊಳಗಿನಿಂದ ಇನ್ನೊಂದು ಚೀಲವನ್ನೂ, ಅದರೊಳಗಿನಿಂದ ಒಂದು ನೋಟುಬುಕ್ಕನ್ನೂ ತೆಗೆದರು.

"ಹಸನ ಮಾಡಾಕಿ ಬೆವರಾಕತ್ತಾಳ್ರಿ."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಮಧ್ಯಾಹ್ನ ಮೂರರ ಸುಮಾರಿಗೆ ಚಿತ್ರದ ಎಡ ಕೆಳಮೂಲೆಯಲ್ಲಿ, ಕೊಡದ ಪಕ್ಕದಲ್ಲಿ, ಚೌಕಟ್ಟಿನ ಮರದ ಮೇಲೆ ಸಣ್ಣ ಹನಿಗಳು ಮೂಡುತ್ತವೆ; ಐದು ಗಂಟೆಯ ಹೊತ್ತಿಗೆ ಆರುತ್ತವೆ. ಆ ಮೂಲೆಯಲ್ಲಿ ಕ್ಯಾನ್ವಾಸು ಉಬ್ಬಿದೆ. ಕೊಡದ ಬುಡದಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಎದ್ದು ನಿಂತಿದೆ. ಇಂದೋ ನಾಳೆಯೋ ಬೀಳುತ್ತದೆ. ಮೇಲ್ವಿಚಾರಕರಿಗೆ ಹೇಳಿದರೆ "ಬಾರಿಶ್ ಮೇ ಸಬ್ ಗೀಲಾ ಹೋತಾ ಹೈ, ಕಾಕಾ" ಎಂದರು, ಮಳೆಯಲ್ಲಿ ಎಲ್ಲವೂ ಒದ್ದೆಯಾಗುತ್ತದೆ ಎಂದು ನಕ್ಕರು. ಮತ್ತೆ ಹೇಳಿದಾಗ, ಬರೆದುಕೊಡಿ ಎಂದರು.

"ನನ್ನ ಕನ್ನಡಾ ಅಲ್ಲಿ ಯಾರ್ ಓದ್ತಾರ? ನೀವು ಮರಾಠಿಯೊಳಗ ಛಂದ ಮಾಡಿ ಬರಕೊಡ್ರಿ. ಆಗಸ್ಟ್ ಮುಗದ್ರ ನನ್ನ ಡ್ಯೂಟಿ ಮುಗೀತು. ಹೊಸದಾಗಿ ಬರಾವ್ರಿಗೆ ಇದು ಗೊತ್ತಾಗೂದ್ರಾಗ ಆಕಿ ಕೊಡಾ ಹೋಗಿರ್ತೈತಿ. ಕೈಗೆ ಕೊಟ್ಟಾಗ ಹೆಂಗಿತ್ತೋ ಹಂಗ ಹೊಳ್ಳಿ ಕೊಡಬೇಕಲ್ರಿ."

ನೋಟುಬುಕ್ಕಿನಲ್ಲಿ ಹದಿನೆಂಟು ದಿನಗಳ ಟಿಪ್ಪಣಿಗಳಿದ್ದವು. ಅಕ್ಷರಗಳು ದೊಡ್ಡವು, ಒತ್ತುಗಳು ಸಿಕ್ಕಲ್ಲಿ ನಿಂತಿದ್ದವು. "ಬುಧವಾರ. ೩ ಗಂಟಿ. ಬೆವರ. ಎಡಕ ಕೆಳಗ." "ಗುರುವಾರ. ೩ ಹೊಡದು ಹತ್ತ ಮಿನಿಟ. ಬೆವರ. ಗ್ವಾಡಿ ಕಡೆ ಅಂಗೈ ಹಿಡದ್ರ ತಂಪ." "ಶುಕ್ರವಾರ. ಬೆವರ ಇಲ್ಲ. ಎಸಿ ಕೆಟ್ಟಿತ್ತು. ಮಂದಿ ಬೈದ್ರು." "ಶನಿವಾರ. ಮಳಿ ಜೋರ. ಎಸಿ ಇಲ್ಲ. ಬೆವರ ಇಲ್ಲ." "ರವಿವಾರ. ಎಸಿ ಸುರು. ೩ ಗಂಟಿ. ಬೆವರ."

ನಾನು ಮನೆಗೆ ಹೋಗಿ ಎರಡು ದಿನ ಕುಳಿತು ಅರ್ಜಿ ಬರೆದೆ. ಮರಾಠಿಯನ್ನೂ ನಾನು ತಪ್ಪಿಲ್ಲದೆ ಬರೆಯುತ್ತೇನೆ. ವಿಷಯ, ವಿನಂತಿ, ಕೊನೆಗೆ ಕೃತಜ್ಞತೆ. ಒಂದೇ ಮಾತನ್ನು ಹದಿನೆಂಟು ಸಲ ಹೇಳುವುದು ಪುನರುಕ್ತಿದೋಷ. ಆದ್ದರಿಂದ ಎಲ್ಲವನ್ನೂ ಸೇರಿಸಿ ಒಂದೇ ಸುಂದರ ವಾಕ್ಯ ಮಾಡಿದೆ: ಮಳೆಗಾಲದಲ್ಲಿ ಸದರಿ ಚಿತ್ರದ ಅಂಚಿನಲ್ಲಿ ಆಗಾಗ ತೇವಾಂಶ ಕಾಣಿಸಿಕೊಳ್ಳುತ್ತಿದ್ದು, ಇದರಿಂದ ಚಿತ್ರಕ್ಕೆ ಹಾನಿಯಾಗುವ ಸಂಭವವಿದೆ. ಎಸಿ ಕೆಟ್ಟಿತ್ತು, ಮಂದಿ ಬೈದರು ಎಂಬುದು ಅಪ್ರಸ್ತುತವೆಂದು ಬಿಟ್ಟೆ. ಅರ್ಜಿ ಮುಕ್ಕಾಲು ಪುಟಕ್ಕೆ ನಿಂತಿತು. ಬರೆದಾದ ಮೇಲೆ ಎರಡು ಸಲ ಗಟ್ಟಿಯಾಗಿ ಓದಿಕೊಂಡೆನೆಂಬುದನ್ನೂ ಮರೆಮಾಚುವುದಿಲ್ಲ.

ಎರಡು ವಾರ ಕಳೆದ ಮೇಲೆ, ಮತ್ತೊಂದು ಸೋಮವಾರ, ಕಾಕಾ ಅದೇ ಹೋಟೆಲಿನಲ್ಲಿ ಆ ಕಾಗದವನ್ನು ನನ್ನ ಮುಂದಿಟ್ಟರು. ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಬರೆದಿತ್ತು: ಮಳೆಗಾಲದ ಸಾಮಾನ್ಯ ಸಮಸ್ಯೆ. ನೋಂದಾಯಿಸಿದೆ.

"ಬಣ್ಣ?" ಎಂದು ಕೇಳಿದೆ.

"ಒಂದ ಚೂರ ಬಿತ್ತು. ಮೊನ್ನೆ. ಕಾಗದದಾಗ ಕಟ್ಟಿ ಆಫೀಸಿಗೆ ಕೊಟ್ಟೆ. ಯಾರಿಗೋ ಮುಟ್ಟಾಕ ಬಿಟ್ಟಿಯೇನು ಅಂತ ಕೇಳಿದ್ರು ನನ್ನನ್ನ." ಇಷ್ಟನ್ನು ಅವರು ಇಡ್ಲಿಯನ್ನು ನೋಡುತ್ತ ಹೇಳಿದರು. ಇಡ್ಲಿಯನ್ನು ಮುರಿಯಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲವೆಂದು ಆಮೇಲೆ ತಿಳಿಯಿತು.

ನಾನು ನನ್ನ ಅರ್ಜಿಯನ್ನು ಮತ್ತೊಮ್ಮೆ ಓದಿದೆ. ತಪ್ಪು ಎಲ್ಲಿದೆಯೆಂದು ನನಗೆ ಕಾಣಲಿಲ್ಲ. ಹಾಗೆಂದು ಹೇಳಿಯೂಬಿಟ್ಟೆ.

"ತಪ್ಪ ಇಲ್ರಿ, ತಪ್ಪ ಎಲ್ಲೈತಿ? ನಮ್ಮ ಸಾಹೇಬ್ರ ಶಿಪಾಯಿ ಕಡೆ ಓದಿಸಿ ಅರ್ಥ ಕೇಳ್ದೆ. ಭಾಳ ಛಂದ ಬರದೀರಿ. ಲಗ್ನಪತ್ರಿಕಾ ಇದ್ದಂಗ ಐತಿ." ಮೀಸೆಯ ಕೆಳಗಿನ ತುದಿಯನ್ನು ತಿರುವುತ್ತ ಮುಂದುವರಿಸಿದರು: "ಆದ್ರ ಅಕ್ಕೋರ, ಲಗ್ನಪತ್ರಿಕಾದಾಗೂ ಮುಹೂರ್ತ ಬರದಿರ್ತಾರಲ್ರಿ. ನಮ್ಮ ಮೂರು ಗಂಟಿ ಎಲ್ಲಿ ಹೋತು?"

ಮೂರು ಗಂಟೆಯನ್ನು ತೆಗೆದವಳು ನಾನು. ಎಡಗಡೆಯನ್ನು, ಕೊಡವನ್ನು, ಕೆಟ್ಟ ಎಸಿಯನ್ನು ತೆಗೆದವಳು ನಾನು. ಓದಲು ಯೋಗ್ಯವಾಗಿ ಮಾಡುವ ಭರದಲ್ಲಿ, ನಂಬಲು ಯೋಗ್ಯವಾಗಿದ್ದುದನ್ನೆಲ್ಲ ಅಳಿಸಿಹಾಕಿದ್ದೆ.

"ನೋಟುಬುಕ್ಕು ತಂದಿದ್ದೀರಾ?" ಎಂದೆ.

ಅವರು ಬರಿಗೈಯಲ್ಲಿ ಬರುವವರೇ ಅಲ್ಲ. ಅದರಲ್ಲೀಗ ಇಪ್ಪತ್ತೊಂಬತ್ತು ಟಿಪ್ಪಣಿಗಳಾಗಿದ್ದವು. ಹೋಟೆಲಿನವರು ಎರಡು ಸಲ ಬಂದು ಮೇಜು ಒರೆಸಿದರು, ನಾವು ಏಳಲಿಲ್ಲ. ಕಾಕಾ ಒಂದೊಂದಾಗಿ ಓದಿದರು. ನಾನು ಒಂದೊಂದಾಗಿ ಮರಾಠಿಯಲ್ಲಿ ಬರೆದೆ. ಬುಧವಾರ, ಮೂರು ಗಂಟೆ. ಗುರುವಾರ, ಮೂರು ಹತ್ತು. "ಕಡಿಮಿ ಮಾಡಬ್ಯಾಡ್ರಿ, ಹೆಚ್ಚೂ ಮಾಡಬ್ಯಾಡ್ರಿ" ಎಂದು ನಡುನಡುವೆ ಎಚ್ಚರಿಸುತ್ತಿದ್ದರು, ಉಕ್ತಲೇಖನ ಕೊಡುವಾಗ ನಾನು ಎಚ್ಚರಿಸುತ್ತಿದ್ದಂತೆಯೇ. ಬೆವರು ಎಂಬಲ್ಲಿ ನನ್ನ ಕೈ ತಾನಾಗಿ ತೇವ ಎಂದು ಬರೆಯಿತು. ಅವರು ಲಿಪಿ ಓದಲಾರದಿದ್ದರೂ, ಬರೆಯುತ್ತ ನಾನು ಉಚ್ಚರಿಸಿದುದನ್ನು ಕೇಳಿ ತಡೆದರು.

"ತೇವ ಅಲ್ರಿ. ತೇವ ಹೊರಗಿಂದ ಬರತೈತಿ. ಮಳಿ ಬಿದ್ದ ದಿನಾ ಆದ್ರೂ ಎಸಿ ಬಂದ್ ಇದ್ದಾಗ ಒಂದ ಹನಿ ಇಲ್ಲ. ಇದು ಗ್ವಾಡಿ ಒಳಗಿಂದ ಬರಾಕತ್ತೈತಿ. ಬೆವರು ಅಂತನ ಬರೀರಿ."

ಬೆವರು ಅಂತಲೇ ಬರೆದೆ. ನಾಲ್ಕು ಪುಟವಾಯಿತು. ನನ್ನ ಕೈಯಿಂದ ಹೊರಬಿದ್ದ ಅಷ್ಟು ಕುರೂಪಿಯಾದ ಅರ್ಜಿ ಇನ್ನೊಂದಿಲ್ಲ.

ಈ ಸಲ ಕಾಗದವು ಚಿತ್ರಗಳ ಜೀರ್ಣೋದ್ಧಾರ ಮಾಡುವ ವಿಭಾಗಕ್ಕೆ ಹೋಯಿತು. ಅಲ್ಲಿಯ ಅಧಿಕಾರಿ ಸುಮಾರು ಮೂವತ್ತೈದರ ಒಬ್ಬ ಮರಾಠಿ ಹೆಣ್ಣುಮಗಳು. ಆಗಸ್ಟಿನ ಒಂದು ದಿನ ಮೂರಕ್ಕೆ ಹದಿನೈದು ನಿಮಿಷವಿರುವಾಗ ಆಕೆ ತಾನೇ ಒಂದು ಸ್ಟೂಲು ಹೊತ್ತುಕೊಂಡು ಬಂದು ಕಾಕಾ ಅವರ ಪಕ್ಕದಲ್ಲಿ ಕುಳಿತಳಂತೆ. ಮೂರಾಯಿತು, ಮೂರು ಐದಾಯಿತು. ಏನೂ ಇಲ್ಲ. "ಜಿಂದಗೀ ಒಳಗ ಒಮ್ಮೆ ಬೆವರ ಬರಲಿ ದೇವರೇ ಅಂತ ಬೇಡಕೊಂಡಾಂವ ನಾನೊಬ್ಬನ ಇರಬೇಕ್ರಿ" ಎಂದು ಕಾಕಾ ಆಮೇಲೆ ನಕ್ಕರು. ಮೂರು ಏಳಕ್ಕೆ ಮೊದಲ ಹನಿ ಮೂಡಿತು. ಆಕೆ ಟಾರ್ಚು ಹಿಡಿದು ನೋಡಿ, ನಾಲ್ಕು ಪುಟಗಳನ್ನು ಇನ್ನೊಮ್ಮೆ ಮಗುಚಿ, "ಕಾಕಾ, ಹೇ ತುಮ್ಹೀ ಲಿಹಿಲಂತ?" ಎಂದು ಕೇಳಿದಳು, ಇದನ್ನು ಬರೆದವರು ನೀವೇ?

ಅವರು ಹೌದೆಂದರು. ಅದು ಸತ್ಯವೇ.

ಚಿತ್ರವನ್ನು ಇಳಿಸಿ ಗೋಡೆ ಒಡೆದು ನೋಡಿದಾಗ ಎಸಿಯ ತಣ್ಣೀರಿನ ಕೊಳವೆಯೊಂದು ಆ ಮೂಲೆಯ ಹಿಂದೆಯೇ ಹಾದುಹೋಗಿರುವುದೂ, ಅದರ ಮೇಲಿನ ಹೊದಿಕೆ ಹರಿದಿರುವುದೂ ತಿಳಿದುಬಂತು. ಬೆಳಗಿನಿಂದ ಓಡಿದ ಎಸಿ ಮಧ್ಯಾಹ್ನದ ಹೊತ್ತಿಗೆ ಗೋಡೆಯನ್ನು ತಣ್ಣಗೆ ಮಾಡಿದಾಗ ಮಳೆಗಾಲದ ಗಾಳಿ ಅಲ್ಲಿ ಹನಿಗಟ್ಟುತ್ತಿತ್ತು; ಸಂಜೆ ಎಸಿ ತಗ್ಗಿಸಿದ ಮೇಲೆ ಆರುತ್ತಿತ್ತು. ಚಿತ್ರವನ್ನು ಚಿಕಿತ್ಸೆಗೆ ಒಯ್ದರು. ಆರು ತಿಂಗಳಾದರೂ ಬೇಕು ಎಂದರು. ಕಾಕಾ ಅವರಿಗೆ ಉಳಿದಿದ್ದುದು ಹನ್ನೊಂದು ದಿನ.

ಆ ಹನ್ನೊಂದು ದಿನಗಳಲ್ಲಿ ಒಂದು ದಿನ ನಾನು ಹೋಗಿದ್ದೆ. ಗೋಡೆಯ ಮೇಲೆ ಬಿಳಿಚಿದ ಒಂದು ಚೌಕ, ಅದರ ಪಕ್ಕದಲ್ಲಿ ಕಾಕಾ. ಗುಜರಾತಿನ ಕುಟುಂಬವೊಂದು ಹಾದುಹೋಗುತ್ತಿತ್ತು. ಅವರಲ್ಲೊಬ್ಬ, "ಅಂಕಲ್, ಖಾಲೀ ದೀವಾರ್ ಕೋ ಕ್ಯಾ ಸಂಭಾಲ್ ರಹೇ ಹೋ?" ಎಂದ, ಖಾಲಿ ಗೋಡೆಯನ್ನೇಕೆ ಕಾಯುತ್ತಿದ್ದೀರಿ ಎಂದು ತಮಾಷೆಗೆ.

"ದೀವಾರ್ ನಹೀ ಸಾಬ್, ಜಗಾ ಹೈ" ಎಂದರು ಕಾಕಾ, ಇದು ಗೋಡೆಯಲ್ಲ, ಜಾಗ. ಆಮೇಲೆ ಆ ಕುಟುಂಬಕ್ಕೆ, ಇಲ್ಲದ ಚಿತ್ರವನ್ನು ಕೈಯಿಂದ ತೋರಿಸುತ್ತ ವಿವರಿಸಿದರು: ಇಲ್ಲಿ ಹೊಸ್ತಿಲು, ಇಲ್ಲಿ ಮೊರ, ಮೊರ ಹಿಡಿದ ರೀತಿ ಮಾತ್ರ ತಪ್ಪು, ಕಾಳು ಚೆಲ್ಲುತ್ತದೆ. ಕುಟುಂಬದವರು ಹತ್ತು ನಿಮಿಷ ನಿಂತು ಕೇಳಿದರು. ಪಕ್ಕದಲ್ಲಿ ಹಸಿದ ರಾಜ ಇದ್ದರೂ ಅವನ ಕಡೆ ಯಾರೂ ತಿರುಗಲಿಲ್ಲ.

ನಿವೃತ್ತಿಯ ದಿನ ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಮಾತನಾಡಿ ಎಂದರೆ ಕಾಕಾ ಆ ಅಧಿಕಾರಿಯ ಕಡೆ ತಿರುಗಿ, "ಬಾಯಿ, ಆಕೀನ್ನ ಹೊಳ್ಳಿ ಗ್ವಾಡಿಗೆ ಏರಿಸಿದ ದಿನ ಒಂದ ಫೋನ್ ಮಾಡ್ರಿ" ಎಂದು ಕನ್ನಡದಲ್ಲಿಯೇ ಹೇಳಿ ಕುಳಿತುಬಿಟ್ಟರಂತೆ. ಅರ್ಥವಾಯಿತೋ ಇಲ್ಲವೋ, ಆಕೆ ತಲೆಯಾಡಿಸಿದಳು.

ಅರ್ಥವಾಗಿತ್ತು. ಫೆಬ್ರುವರಿಯಲ್ಲಿ ಫೋನ್ ಬಂತು. ಅವರು ಪರೇಲಿನಿಂದ, ನಾನು ಸಯನ್‌ನಿಂದ ಹೊರಟು ಸಂಗ್ರಹಾಲಯದ ಬಾಗಿಲಲ್ಲಿ ಸೇರಿದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅವರನ್ನು ಮೊದಲ ಸಲ ನೋಡಿದೆ. ಮೇಲಿನ ಕೋಣೆಯಲ್ಲಿ ಹೊಸ ಕಾವಲುಗಾರ್ತಿ, ಇಪ್ಪತ್ತೈದರ ಹುಡುಗಿ. ಕಾಕಾ ಯಾರ ಕಡೆಗೂ ನೋಡದೆ ನೇರವಾಗಿ ಚಿತ್ರದ ಬಳಿಗೆ ಹೋಗಿ ಎಡ ಕೆಳಮೂಲೆಗೆ ಬಾಗಿದರು. ಕೊಡದ ಬುಡ ತುಂಬಿತ್ತು; ಎಲ್ಲಿ ಬಿದ್ದಿತ್ತು, ಎಲ್ಲಿ ಹಚ್ಚಿದರು ಎಂಬುದು ನನಗಂತೂ ತಿಳಿಯಲಿಲ್ಲ. ಅವರು ಇನ್ನೂ ಬಾಗಿದರು.

"ಕಾಕಾ, ಪೀಛೆ. ಲೈನ್ ಕೇ ಪೀಛೆ ಆಯಿಯೇ."

ಇವರು ಯಾರೆಂದು ಆ ಹುಡುಗಿಗೆ ಹೇಳಲು ನಾನು ಹೆಜ್ಜೆ ಮುಂದಿಟ್ಟೆ. ಕಾಕಾ ಬೇಡವೆಂದು ಕಣ್ಣಿನಲ್ಲಿಯೇ ತಡೆದು, "ಸಾರಿ ಬೇಟಾ" ಎಂದು ಗೆರೆಯ ಹಿಂದಕ್ಕೆ ಬಂದರು. "ಛಲೋ ಅದಾಳ" ಎಂದು ನನಗೆ ಪಿಸುಗುಟ್ಟಿದರು. "ದನಿ ಇನ್ನೊಂಚೂರ ಗಟ್ಟಿ ಆಗಬೇಕು."

ಕೋಣೆಯ ನಡುವೆ ನೋಡಲು ಬಂದವರಿಗಾಗಿ ಒಂದು ಮರದ ಬೆಂಚು ಇದೆ. ಅದರ ಮೇಲೆ ಅವರು ಕುಳಿತುದನ್ನು ನಾನು ಎಂದೂ ಕಂಡಿರಲಿಲ್ಲ. ಈಗ ಕುಳಿತರು, ಅಂಚಿನಲ್ಲಿ, ಪರರ ಮನೆಯಲ್ಲಿ ಕುಳಿತಂತೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಕ್ಕೆ ಸರಿದರು.

"ಇಷ್ಟ ವರ್ಷ ಮೂಲಿ ನೋಡೇನ್ರಿ ಅಕ್ಕೋರ. ಬಿರುಕ ಎಲ್ಲೈತಿ, ಧೂಳ ಎಲ್ಲೈತಿ, ಯಾರ ಕೈ ಎಲ್ಲೈತಿ. ಆಕಿ ಮಾರಿ ಸರಿಯಾಗಿ ನೋಡಿಲ್ಲ." ಆ ಹೆಣ್ಣುಮಗಳು ಮೊರದಿಂದ ತಲೆಯೆತ್ತಿ ಬಾಗಿಲಾಚೆ ಎತ್ತಲೋ ನೋಡುತ್ತಿದ್ದಳು. ಅವಳ ಬಾಯಿ ಓಗೊಡುವವಳಂತೆ ತುಸುವೇ ತೆರೆದಿತ್ತು. "ಯಾರೋ ಕರದಾರಲ್ರಿ ಆಕೀನ್ನ. ಅದಕ್ಕ ಮೊರ ವಾರಿ ಆಗಿ ಮುಂದ ಬಾಗೇತಿ. ಯಾರ ಕರದಿರಬೇಕು?"

ನನಗೆ ಗೊತ್ತಿರಲಿಲ್ಲ. ಹಾಗೆಂದು ಹೇಳಿದೆ.

"ಇರ್ಲಿ, ಅವಸರ ಇಲ್ಲ" ಎಂದು ಅವರು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು. "ಕುಂಡ್ರಿ. ಇವತ್ತ ನನಗ ಡ್ಯೂಟಿ ಇಲ್ಲ."